ಎರಡು ತಲೆಯ ಹಕ್ಕಿ ಯಾರದ್ದು?

ಮೈಸೂರಿನವರಿಗೆ ಎರಡು ತಲೆಯ ಹಕ್ಕಿ ಕಂಡರೆ ಮುಗಿಯಿತು, ಅದು ಗಂಡಭೇರುಂಡವೇ. ಅದರಲ್ಲಿ ತಪ್ಪೇನಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಅದೇ, ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲಿ ಅದೇ, ಸರ್ಕಾರಿ ಕಾಗದದ ನೆತ್ತಿಯ ಮೇಲೂ ಅದೇ. ಹಾಗಾಗಿ ಒಂಟಿಕೊಪ್ಪಲಿನಲ್ಲಿರುವ ನನ್ನ ಸೋದರಮಾವ ಫೋನ್ ಮಾಡಿ, "ಮಿಲ್ಟ್ರಿ ತಾತನ ಟ್ರಂಕಲ್ಲಿ ಮೈಸೂರು ಲ್ಯಾನ್ಸರ್ಸ್ ಬಿಲ್ಲೆ ಸಿಕ್ಕಿದೆ ಕಣೋ. ಹೈಫಾ ಯುದ್ಧದ್ದು. ಬೇಗ ಬಂದು ನೋಡು" ಅಂದಾಗ ಅವರ ದನಿಯಲ್ಲಿ ಅನುಮಾನವೇ ಇರಲಿಲ್ಲ. ಮೈಸೂರು ಲ್ಯಾನ್ಸರ್ಸ್ ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆ. ಹೈಫಾ ಈಗಿನ ಇಸ್ರೇಲಿನ ಊರು.

ಹಳೇ ಸೈನ್ಯದ ಟೋಪಿ ಬಿಲ್ಲೆ ಕೂಡಿಸುವ ಹುಚ್ಚು ನನಗಿದೆ. ಮನೆಯವರ ಕಣ್ಣಿಗೆ ಅದು ಗುಜರಿ. ಆದರೆ ಯಾರ ಮನೆಯಲ್ಲಾದರೂ ಇಂಥದ್ದೊಂದು ಸಿಕ್ಕರೆ ನೆನಪಾಗುವುದು ನಾನೇ. ಮಿಲ್ಟ್ರಿ ತಾತ ಅಂದರೆ ಅತ್ತೆಯ ಅಪ್ಪ. ಅವರು ಯಾವ ಪಡೆಯಲ್ಲಿದ್ದರು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಮಿಲ್ಟ್ರಿಯಲ್ಲಿದ್ದರು, ಫಾರಿನ್‌ಗೆ ಹೋಗಿದ್ದರು", ಅಷ್ಟೇ.

ನಾನು ಹೋಗುವ ಹೊತ್ತಿಗೆ ಅತ್ತೆ ಅಡುಗೆಮನೆಯಲ್ಲಿ ಹುಣಸೆಹಣ್ಣು ನೆನೆಹಾಕಿ ಕಾಯುತ್ತಿದ್ದರು. ಟ್ರಂಕಿನಲ್ಲಿ ಸಿಕ್ಕಿದ್ದನ್ನೆಲ್ಲ ತಿಕ್ಕಿ ಫಳಫಳ ಮಾಡಿ ಷೋಕೇಸಿನಲ್ಲಿ ಇಡುವ ಯೋಚನೆ. ಬಾಗಿಲಲ್ಲೇ ನಿಂತು "ಅತ್ತೆ, ದಯವಿಟ್ಟು ಮುಟ್ಟಬೇಡಿ" ಅಂದೆ. ಉಜ್ಜಿದರೆ ಗೆರೆಗಳು ಸವೆಯುತ್ತವೆ, ವರ್ಷಗಟ್ಟಲೆ ಕೂತ ಬಣ್ಣ ಹೋಗುತ್ತದೆ. ಹೊಸದಾಗಿ ಮಾಡಿದ ನಕಲಿಗೂ ಹಳೆಯದಕ್ಕೂ ವ್ಯತ್ಯಾಸ ಹೇಳುವುದೇ ಅಂಥ ಗುರುತುಗಳು. ಅತ್ತೆ ಮುಖ ಸಣ್ಣದು ಮಾಡಿಕೊಂಡು ಆ ಹುಣಸೆಹಣ್ಣನ್ನು ಸಾರಿಗೆ ಹಾಕಿದರು.

ಮಾವ ಆಗಲೇ ಹೈಫಾ ಶುರು ಮಾಡಿದ್ದರು. 1918ರ ಸೆಪ್ಟೆಂಬರ್ 23. ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಕುದುರೆ ಮೇಲೆ, ಭರ್ಜಿ ಹಿಡಿದು, ಮಷೀನ್‌ಗನ್‌ಗಳ ಎದುರಿಗೆ ನುಗ್ಗಿ ತುರ್ಕರ ಕೈಯಿಂದ ಊರು ಕಿತ್ತುಕೊಂಡರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಸವಾರರಲ್ಲಿ ಒಬ್ಬ ನಮ್ಮವನು. ಇನ್ನಿಬ್ಬರು ಜೋಧಪುರ, ಹೈದರಾಬಾದಿನವರು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್‌ಗಳ ಸ್ಮಾರಕ ಇದೆ. ಮಾವ ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಅಂಗೈಯಲ್ಲಿದ್ದ ಬಿಲ್ಲೆ ಬೇರೆಯೇ ಏನೋ ಹೇಳುತ್ತಿತ್ತು.

ಬಿಲ್ಲೆ ಕರಿ ಹಿಡಿದಿತ್ತು. ಅದರ ಮೇಲೆ ಅಕ್ಷರ ಒಂದೂ ಇರಲಿಲ್ಲ. ಇದೇ ತಲೆನೋವು. ಸಾಮಾನ್ಯವಾಗಿ ಬಿಲ್ಲೆಯ ಕೆಳಗೆ ಒಂದು ಪಟ್ಟಿ, ಅದರಲ್ಲಿ ಪಡೆಯ ಹೆಸರು ಇರುತ್ತದೆ. ಇಲ್ಲದಿದ್ದರೆ ಚಿತ್ರವನ್ನೇ ಓದಬೇಕು. ಚಿತ್ರ ಒಂದನ್ನೇ ನಂಬಿದರೂ ಕಷ್ಟ. ಅಸ್ಸಾಯೆ ಆನೆಯನ್ನೇ ತೆಗೆದುಕೊಳ್ಳಿ. 1803ರಲ್ಲಿ ಅಸ್ಸಾಯೆ ಅನ್ನುವ ಊರಿನಲ್ಲಿ ಬ್ರಿಟಿಷ್ ಸೇನಾಪತಿ ವೆಲ್ಲೆಸ್ಲಿ ಮರಾಠರ ಮೇಲೆ ಗೆದ್ದ ಯುದ್ಧದ ನೆನಪಿಗೆ ಬಂದ ಆನೆ ಅದು. ಸ್ಕಾಟ್ಲೆಂಡಿನ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಬಿಲ್ಲೆಯಲ್ಲೂ ಇದೆ, ನಮ್ಮ ಮದ್ರಾಸ್ ರೆಜಿಮೆಂಟಿನ ಬಿಲ್ಲೆಯಲ್ಲೂ ಇದೆ. (ಆ ಯುದ್ಧ ನಡೆದದ್ದೂ ಸೆಪ್ಟೆಂಬರ್ 23ರಂದೇ. ವೆಲ್ಲೆಸ್ಲಿ ಜೊತೆ ಮೈಸೂರಿನ ಕುದುರೆ ಸವಾರರೂ ಇದ್ದರು. ಇದನ್ನು ಮಾವನಿಗೆ ಹೇಳಲಿಲ್ಲ. ಹೇಳಿದ್ದರೆ ಊಟ ಇನ್ನೂ ತಡವಾಗುತ್ತಿತ್ತು.)

ಎರಡು ತಲೆಯ ಹಕ್ಕಿಯದೂ ಇದೇ ಕಥೆ. ನಮ್ಮ ಗಂಡಭೇರುಂಡ ಬಳ್ಳಿಗಾವೆಯ ಕಂಬದ ಮೇಲೆ 1047ರಿಂದ ನಿಂತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಕೊಕ್ಕಿನಲ್ಲೂ ಉಗುರಲ್ಲೂ ಆನೆ ಹಿಡಿದುಕೊಂಡಿದೆ. ಮೈಸೂರು ಒಡೆಯರದ್ದು ಅದೇ ವಂಶ. ಮೈಸೂರು ಲ್ಯಾನ್ಸರ್ಸ್ ಆಮೇಲೆ ಜೋಧಪುರ, ಗ್ವಾಲಿಯರ್ ಮುಂತಾದ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಜೈಪುರದಲ್ಲಿರುವ ಈ ಪಡೆಯ ಬಿಲ್ಲೆಯಲ್ಲೂ ಎರಡು ತಲೆಯ ಹಕ್ಕಿಯೇ. ಆದರೆ ಅದರ ಕೆಳಗೆ ನಾಗರಿಯಲ್ಲಿ ಅಕ್ಷರಗಳಿರುತ್ತವೆ, ಕಾಲವೂ 1953ರ ಈಚೆಗಿನದು.

ಕಿಟಕಿ ಹತ್ತಿರ ಹೋಗಿ ಭೂತಗನ್ನಡಿ ಹಿಡಿದೆ. ಎರಡು ತಲೆಗಳ ಮೇಲೆ ಒಂದು ದೊಡ್ಡ ಕಿರೀಟ. ಎದೆಯ ಮೇಲೆ ಗುರಾಣಿ, ಅದರೊಳಗೆ ಸಣ್ಣ ಸಣ್ಣ ಚೌಕಗಳು. ಆನೆ ಇಲ್ಲ, ಶರಭ ಇಲ್ಲ. ಎದೆಗೆ ಗುರಾಣಿ ಕಟ್ಟಿಕೊಳ್ಳುವುದು ಯುರೋಪಿನ ಹದ್ದಿನ ಅಭ್ಯಾಸ.

ಇದು ವಿಯೆನ್ನಾದ ಹಕ್ಕಿ. ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳದ್ದು. ಅದು ಬ್ರಿಟಿಷ್ ಟೋಪಿಗೆ ಬಂದದ್ದು ಹೇಗೆ ಅಂದರೆ, 1896ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್‌ನನ್ನು ಒಂದನೇ ಕಿಂಗ್ಸ್ ಡ್ರಗೂನ್ ಗಾರ್ಡ್ಸ್ ಅನ್ನುವ ಬ್ರಿಟಿಷ್ ಕುದುರೆ ಪಡೆಗೆ ಗೌರವ ಕರ್ನಲ್ ಮಾಡಿದರು. ಪಡೆಯವರು ಖುಷಿಯಿಂದ ಅವನ ಹದ್ದನ್ನು ಬಿಲ್ಲೆಗೆ ಏರಿಸಿಕೊಂಡರು. ಆಸ್ಟ್ರಿಯಾದ ಹೆಸರಾಂತ ಕವಾಯತು ಸಂಗೀತವಾದ ರಾಡೆಟ್ಸ್ಕಿ ಮಾರ್ಚ್ ಅನ್ನೂ ತಮ್ಮ ಮಾರ್ಚ್ ಮಾಡಿಕೊಂಡರು. ಆಮೇಲೆ 1914 ಬಂತು. ಕರ್ನಲ್ ಸಾಹೇಬನೇ ಶತ್ರು! ಶತ್ರುವಿನ ಹದ್ದನ್ನು ತಲೆ ಮೇಲೆ ಹೊತ್ತು ಯುದ್ಧಕ್ಕೆ ಹೋಗಲು ಆಗುತ್ತದೆಯೇ? 1915ರಲ್ಲಿ ಅದನ್ನು ತೆಗೆದು ನಕ್ಷತ್ರದ ಬಿಲ್ಲೆ ಹಾಕಿಕೊಂಡರು. ಹದ್ದು ವಾಪಸ್ ಬಂದದ್ದು 1937ರ ಹೊತ್ತಿಗೆ. 1959ರಲ್ಲಿ ಆ ಪಡೆ ಇನ್ನೊಂದರ ಜೊತೆ ಸೇರಿ ಕ್ವೀನ್ಸ್ ಡ್ರಗೂನ್ ಗಾರ್ಡ್ಸ್ ಆಯಿತು. ಹದ್ದು ಈಗಲೂ ಅವರ ಟೋಪಿಯಲ್ಲಿದೆ.

ಇಷ್ಟು ಹೇಳುವಷ್ಟರಲ್ಲಿ ಮಾವ ಕುರ್ಚಿಯಿಂದ ಎದ್ದರು. "ಆಸ್ಟ್ರಿಯಾ ತುರ್ಕರ ಕಡೆ ಇತ್ತಲ್ವಾ? ಹಾಗಾದ್ರೆ ತಾತ ಹೈಫಾದಲ್ಲಿ ಶತ್ರುವಿನ ಟೋಪಿಯಿಂದಲೇ ಕಿತ್ಕೊಂಡು ಬಂದಿದ್ದಾರೆ!"

ಆ ಚುರುಕಿಗೆ ನಾನು ನಿಜಕ್ಕೂ ತಲೆದೂಗಿದೆ. ಸೋತ ಆಟವನ್ನು ಹೀಗೆ ಎತ್ತುವವರು ಕಡಿಮೆ.

ಬಿಲ್ಲೆಯನ್ನು ತಿರುಗಿಸಿದೆ. ನನ್ನ ಮಟ್ಟಿಗೆ ಬಿಲ್ಲೆಯ ಮುಖಕ್ಕಿಂತ ಬೆನ್ನೇ ಹೆಚ್ಚು ನಂಬಿಕಸ್ಥ. ಮುಖವನ್ನು ಯಾರು ಬೇಕಾದರೂ ನಕಲು ಮಾಡುತ್ತಾರೆ, ಬೆನ್ನಿನ ಕಡೆ ಗಮನ ಕೊಡುವುದಿಲ್ಲ. ಅಚ್ಚಿನಲ್ಲಿ ಒತ್ತಿದ ಬಿಲ್ಲೆಯಾದರೆ ಮುಂದೆ ಉಬ್ಬಿದ್ದು ಹಿಂದೆ ಹಳ್ಳವಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿಯಾದರೆ ಬೆನ್ನು ತರಿತರಿಯಾಗಿ, ಸಣ್ಣ ತೂತು ಬಿದ್ದ ಹಾಗೆ ಇರುತ್ತದೆ. ಇದರ ಬೆನ್ನಿನಲ್ಲಿ ಹಕ್ಕಿಯ ರೆಕ್ಕೆಯ ಹಳ್ಳ ನೀಟಾಗಿತ್ತು. ಬ್ರಿಟಿಷ್ ಬಿಲ್ಲೆಗಳಲ್ಲಿ ಟೋಪಿಯ ಸೀಳಿಗೆ ತೂರಿಸಲು ಇರುವ ಉದ್ದನೆಯ ಪಟ್ಟಿ, ನಾವು ಸ್ಲೈಡರ್ ಅನ್ನುವುದು, ಬೆಸುಗೆ ಸಮೇತ ಹಾಗೇ ಇತ್ತು. ಟೋಪಿ ಬಟ್ಟೆಗೆ ಉಜ್ಜಿ ಉಜ್ಜಿ ಪಟ್ಟಿಯ ತುದಿ ನುಣುಪಾಗಿತ್ತು. ಯಾರೋ ದಿನಾ ಹಾಕಿಕೊಂಡಿದ್ದರು. ಅಂದರೆ ಬಿಲ್ಲೆ ಅಸಲಿ, ಬ್ರಿಟಿಷ್ ಸಿಪಾಯಿಯದು. ಬಂದದ್ದು ಆಸ್ಟ್ರಿಯಾದವನ ಟೋಪಿಯಿಂದಲ್ಲ.

ಉಳಿದ ಪ್ರಶ್ನೆ ಕಾಲದ್ದು. 1915ಕ್ಕೆ ಮುಂಚೆಯೋ, 1937ರ ಆಮೇಲೋ? ಬಿಲ್ಲೆಯ ಕಾಲ ಹೇಳಲು ಎಲ್ಲರೂ ಮೊದಲು ಹುಡುಕುವುದು ಬ್ರಿಟಿಷ್ ಕಿರೀಟ. ಕಮಾನು ಎರಡೂ ಕಡೆ ಗುಂಡಗೆ ಇದ್ದರೆ ರಾಜನ ಕಿರೀಟ, 1901ರಿಂದ 1952. ನಡುವೆ ತಗ್ಗಿದ್ದರೆ ಎಲಿಜಬೆತ್ ರಾಣಿಯದು. ನಮ್ಮ ಸೈನ್ಯದಲ್ಲಾದರೆ 1950ರ ಜನವರಿ 26ರ ನಂತರ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ಆದರೆ ಈ ಸೂತ್ರ ಈಗ ಕೆಟ್ಟಿದೆ. 2022ರಲ್ಲಿ ಚಾರ್ಲ್ಸ್ ಪಟ್ಟಕ್ಕೆ ಬಂದು ಮತ್ತೆ ಗುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡ. ಇನ್ನು ಮೇಲೆ "ರಾಜನ ಕಿರೀಟ, ಆದ್ದರಿಂದ ಹಳೆಯದು" ಅಂತ ಮಾರುವವರ ಹತ್ತಿರ ಹುಷಾರಾಗಿರಬೇಕು. ನನ್ನ ಕೈಯಲ್ಲಿದ್ದದ್ದಂತೂ ಆಸ್ಟ್ರಿಯಾದ ಕಿರೀಟ, ಈ ಲೆಕ್ಕಕ್ಕೇ ಬರುವುದಿಲ್ಲ.

"ಟ್ರಂಕಲ್ಲಿ ಬೇರೆ ಏನಿದೆ?" ಅಂತ ಕೇಳಿದೆ. ಅತ್ತೆ ಒಂದು ಬಟ್ಟೆ ಚೀಲ ತಂದು ಸುರಿದರು. ಹೊಲಿಗೆ ಗುಂಡಿಗಳು, ಬೀಗವಿಲ್ಲದ ಕೀ, ಭುಜಕ್ಕೆ ಹಾಕುವ ಹಿತ್ತಾಳೆ ಅಕ್ಷರ. ಆರ್.ಐ.ಇ. ಅಂದರೆ ರಾಯಲ್ ಇಂಡಿಯನ್ ಎಂಜಿನಿಯರ್ಸ್. ಭಾರತದ ಎಂಜಿನಿಯರ್ ಪಡೆಗೆ ರಾಯಲ್ ಅನ್ನುವ ಮಾತು ಸೇರಿದ್ದು 1946ರಲ್ಲಿ, ಗಣರಾಜ್ಯವಾದ ಮೇಲೆ ಹೋಯಿತು. ಹಾಗಾಗಿ ಈ ಪುಟಾಣಿ ಹಿತ್ತಾಳೆ ತುಂಡಿಗೆ ಸುಮಾರು ನಾಲ್ಕೇ ವರ್ಷದ ಆಯುಷ್ಯ. ನನಗೆ ಹದ್ದಿಗಿಂತ ಇದೇ ಜಾಸ್ತಿ ಇಷ್ಟವಾಯಿತು. ಮಾವನಿಗೆ ಹಾಗನ್ನಿಸಲಿಲ್ಲ.

ಚೀಲದ ತಳದಲ್ಲಿ ಡಿಸ್ಚಾರ್ಜ್ ಪುಸ್ತಕ ಇತ್ತು. ಗೆದ್ದಲು ಅರ್ಧ ತಿಂದಿತ್ತು. ಆದರೂ ಬೇಕಾದದ್ದು ಉಳಿದಿತ್ತು. ತಾತ ಹುಟ್ಟಿದ್ದು 1919ರಲ್ಲಿ. ಸೇರಿದ್ದು 1938ರಲ್ಲಿ, ಬೆಂಗಳೂರಿನಲ್ಲಿ, ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಸೈನ್ಯದ ಎಂಜಿನಿಯರ್ ಪಡೆಗೆ. 12ನೇ ಫೀಲ್ಡ್ ಕಂಪನಿ. ಅತ್ತೆ ಓದಿಸಿಕೊಂಡು ಕೇಳಿದರು. "ಅಂದ್ರೆ ಹೈಫಾ ಗೆದ್ದಾಗ ಅಪ್ಪ ಇನ್ನೂ ಹುಟ್ಟೇ ಇರಲಿಲ್ಲ" ಅಂದು ಮಾವನ ಕಡೆ ನೋಡಿದರು. ಮಾವ ಸುಮ್ನೆ ಫ್ಯಾನ್ ಜೋರು ಮಾಡಿದರು.

12ನೇ ಫೀಲ್ಡ್ ಕಂಪನಿ ಇದ್ದದ್ದು ನಾಲ್ಕನೇ ಭಾರತೀಯ ಡಿವಿಷನ್‌ನಲ್ಲಿ. ಉತ್ತರ ಆಫ್ರಿಕಾದ ಮರಳುಗಾಡು, ಎರಿಟ್ರಿಯಾ, 1944ರಲ್ಲಿ ಇಟಲಿಯ ಕಸ್ಸಿನೊ. ಕಿಂಗ್ಸ್ ಡ್ರಗೂನ್ ಗಾರ್ಡ್ಸ್ ಕೂಡ ಆಗ ಕುದುರೆ ಬಿಟ್ಟು ಆರ್ಮರ್ಡ್ ಕಾರು ಹತ್ತಿ ಅದೇ ಮರಳುಗಾಡಿನಲ್ಲಿ ಓಡಾಡುತ್ತಿತ್ತು. ಆಮೇಲೆ ಇಟಲಿಗೂ ಹೋಯಿತು. ಸಿಪಾಯಿಗಳು ಸಿಗರೇಟಿಗೆ, ಚಹಾಕ್ಕೆ ಬಿಲ್ಲೆ ಬದಲಾಯಿಸಿಕೊಳ್ಳುವುದು ಎಲ್ಲ ಸೈನ್ಯದಲ್ಲೂ ಇದ್ದದ್ದೇ. ಈ ಹದ್ದು 1937ರ ಆಮೇಲಿನದು ಅಂತ ನಾನು ಲೆಕ್ಕ ಹಾಕಿದ್ದು ಇದರ ಮೇಲೆಯೇ. ಮೈಸೂರು ಸೀಮೆಯ ಹುಡುಗ ಒಬ್ಬ ಬ್ರಿಟಿಷನ ಟೋಪಿಯಲ್ಲಿ ಎರಡು ತಲೆಯ ಹಕ್ಕಿ ನೋಡಿ, "ಅರೆ, ಇದು ನಮ್ಮದು!" ಅಂದುಕೊಂಡಿರಬೇಕು. ಬೇರೆ ಎಷ್ಟೋ ಬಿಲ್ಲೆ ಸಿಗುತ್ತಿದ್ದಾಗ ಇದನ್ನೇ ಕೇಳಿ ತೆಗೆದುಕೊಂಡದ್ದಕ್ಕೆ ನನಗೆ ಬೇರೆ ಕಾರಣ ಹೊಳೆಯುವುದಿಲ್ಲ.

ಊಟ ಆದ ಮೇಲೆ ಚೀಟಿ ಬರೆಯುವ ಕೆಲಸ. ಪಡೆ, ಕಾಲ, ಯಾರ ಟ್ರಂಕಿನಿಂದ ಬಂತು, ಜೊತೆಗೆ ಯಾವ ಕಾಗದ ಸಿಕ್ಕಿತು, ಇಷ್ಟೂ ಬಿಲ್ಲೆ ಜೊತೆಯಲ್ಲೇ ಇರಬೇಕು. ಕಾಗದ ಬೇರೆ ಬಿಲ್ಲೆ ಬೇರೆ ಆದರೆ ಮುಂದಿನವರಿಗೆ ಮತ್ತೆ ಲ್ಯಾನ್ಸರ್ಸ್ ಆಗಿಬಿಡುತ್ತದೆ. ನಾನು ಬರೆದದ್ದನ್ನು ಮಾವ ಎರಡು ಸಲ ಓದಿದರು. "ಕೆಳಗೆ ಗಂಡಭೇರುಂಡದ ಹಾಗೆ ಕಾಣುತ್ತದೆ ಅಂತಾದ್ರೂ ಬರಿ" ಅಂದರು. ಬರೆದೆ. ಸುಳ್ಳೇನಲ್ಲವಲ್ಲ.

ಮರುವಾರ ಮಾವನಿಂದ ವಾಟ್ಸಾಪ್ ಬಂತು. ಪಕ್ಕದ ಬೀದಿಯವರ ಮನೆಯ ಬಿಲ್ಲೆ, ಮತ್ತೆ ಎರಡು ತಲೆ. "ಇದು ನೂರಕ್ಕೆ ನೂರು ಲ್ಯಾನ್ಸರ್ಸ್" ಅಂತ ಕೆಳಗೆ ಬರೆದಿದ್ದರು. ಈ ಸಲ ಹಕ್ಕಿಯ ಎದೆ ಮೇಲೆ ಗುರಾಣಿ ಇರಲಿಲ್ಲ. ನನಗೂ ಆಸೆ ಹುಟ್ಟಿತು. ಹಿಂಬದಿಯ ಫೋಟೋ ಕಳಿಸಿ ಮಾವ ಅಂದೆ. ಅದರ ಜೊತೆಗೇ, ಅವರ ಮನೆಯವರಿಗೂ ಹುಣಸೆಹಣ್ಣು ಹಾಕಬೇಡಿ ಅಂತ ಹೇಳಿಬಿಡಿ ಅಂದೆ.