ಸಿಎಂಎಚ್ ರಸ್ತೆಯಲ್ಲಿ ಕಲಿತ ಜರ್ಮನ್

ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದ ನಮ್ಮ ಎ1, ಅಂದರೆ ಮೊದಲ ಹಂತದ ಬ್ಯಾಚಿನಲ್ಲಿ ಯಾರ್ಯಾರಿದ್ದರು ಅಂತ ಈಗಲೂ ಹೇಳಬಲ್ಲೆ. ಆಡುಗೋಡಿಯ ಬಾಷ್‌ನಲ್ಲಿ ಕೆಲಸ ಮುಗಿಸಿ ಓಡಿ ಬರುತ್ತಿದ್ದ ಇಬ್ಬರು ಇಂಜಿನಿಯರುಗಳು. ದಾವಣಗೆರೆಯಿಂದ ಬಂದು ಪಿಜಿಯಲ್ಲಿದ್ದ ಒಬ್ಬ ನರ್ಸ್. ಎಂ.ಎಸ್. ಓದುವ ಆಸೆಯಿದ್ದ ನನ್ನಂಥವರು ನಾಲ್ಕೈದು ಜನ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರೂ ಇದ್ದರು, ಅವರನ್ನು ಎಲ್ಲರೂ ಅಂಕಲ್ ಅನ್ನುತ್ತಿದ್ದೆವು. ಜೊತೆಗೆ ಹಾಸನದ ಒಬ್ಬಳು ಹುಡುಗಿ. ಅವಳ ಗಂಡ ಮ್ಯೂನಿಕ್‌ನಲ್ಲಿದ್ದ.

ಅವಳ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಜರ್ಮನಿಯಲ್ಲಿರುವ ಗಂಡ ಅಥವಾ ಹೆಂಡತಿಯ ಹತ್ತಿರ ಹೋಗುವವರು ಹೊರಡುವ ಮುಂಚೆಯೇ ಸ್ವಲ್ಪ ಜರ್ಮನ್ ಕಲಿತಿರಬೇಕು ಅಂತ 2007ರಲ್ಲಿ ಅಲ್ಲಿ ಕಾನೂನು ಬಂತು. ಕೆಲವರಿಗೆ ವಿನಾಯಿತಿ ಉಂಟು, ಅವಳಿಗೆ ಇರಲಿಲ್ಲ. 'ಪರೀಕ್ಷೆಗೆ ಬೇಕಾದಷ್ಟು ಹೇಳಿಕೊಡಿ ಮೇಡಂ, ಸಾಕು' ಅನ್ನುತ್ತಿದ್ದಳು. ಮೇಡಂ ಅಷ್ಟಕ್ಕೆ ಬಿಡಲಿಲ್ಲ. ಅವಳನ್ನು ಅಂಗಡಿಯವಳಾಗಿ ನಿಲ್ಲಿಸಿ ನಮ್ಮಿಂದ ಟೊಮೆಟೊ ವ್ಯಾಪಾರ ಮಾಡಿಸಿದರು. ಡಾಕ್ಟರ ಮುಂದೆ ಹೊಟ್ಟೆನೋವು ಹೇಳಿಕೊಳ್ಳುವುದನ್ನು ಕಲಿಸಿದರು. ಮನೆ ಓನರ್‌ಗೆ ಫೋನ್ ಮಾಡಿ ಹೀಟರ್ ಕೆಟ್ಟಿದೆ ಅಂತ ಗಟ್ಟಿಯಾಗಿ ಹೇಳಿಸಿದರು. ಮೊದಮೊದಲು ಬಾಯಿ ಬಿಡಲು ಹೆದರುತ್ತಿದ್ದವಳು ಕೊನೆಗೆ ನಮ್ಮ ಮಾತನ್ನೇ ತಿದ್ದತೊಡಗಿದಳು. ಹೋದ ಹೊಸತರಲ್ಲೇ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಬಂದೆ ಅಂತ ಅಲ್ಲಿಂದ ಮೆಸೇಜ್ ಕಳಿಸಿದ್ದಳು. ತನ್ನ ದೇಶದಾಚೆ ಒಂದು ಭಾಷೆ ಶಾಲೆ ತೆರೆದರೆ ಆಗುವ ದೊಡ್ಡ ಉಪಕಾರ ಇದೇ ಅಂತ ನಾನು ನಂಬಿದ್ದೇನೆ. ತೊದಲುವುದು, ತಡವರಿಸುವುದು ಎಲ್ಲ ನಮ್ಮೂರಲ್ಲೇ, ನಮ್ಮವರ ನಡುವೆಯೇ ಮುಗಿದುಹೋಗುತ್ತದೆ.

ಕಲಿಸುವವರು ಇಲ್ಲಿನವರಾಗಿದ್ದರೆ ಇನ್ನೊಂದು ಲಾಭ. ಜರ್ಮನ್‌ನಲ್ಲಿ ಮೇಜು ಗಂಡು, ದೀಪ ಹೆಣ್ಣು. ಇದನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ದೊಡ್ಡ ವಾಕ್ಯದೊಳಗೆ ಸಣ್ಣ ವಾಕ್ಯ ಸೇರಿಸುವಾಗ ಅದರ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದ ನಾವೆಲ್ಲ ಅಲ್ಲಿ ಒದ್ದಾಡುತ್ತಿದ್ದೆವು. ಅಂಕಲ್‌ಗೆ ಮಾತ್ರ ಅದು ಸಲೀಸು. ಮೇಡಂ ಅದನ್ನು ಗಮನಿಸಿ, 'ಕನ್ನಡದಲ್ಲಿ ಯೋಚನೆ ಮಾಡಿ, ಕ್ರಿಯಾಪದ ಕೊನೆಗೇ ಬರುತ್ತೆ ಅಲ್ವಾ?' ಅಂದರು. ನಮ್ಮ ಭಾಷೆ ಗೊತ್ತಿರುವವರಿಗೆ ಮಾತ್ರ ಹೊಳೆಯುವ ಮಾತು ಅದು.

ಅಂಕಲ್ ಜರ್ಮನ್ ಕಲಿಯಲು ಬಂದದ್ದು ಕಿಟ್ಟೆಲ್‌ಗಾಗಿ. ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿದ್ದು ದುಡಿದು, 1894ರಲ್ಲಿ ಕನ್ನಡ ನಿಘಂಟು ಹೊರತಂದ ಫರ್ಡಿನಾಂಡ್ ಕಿಟ್ಟೆಲ್ ಜರ್ಮನ್ನರು. 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೂಡ ಅಲ್ಲಿಯವರೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಈ ಜನ ನಮ್ಮ ಊರು, ನಮ್ಮ ಮಾತಿನ ಬಗ್ಗೆ ತಮ್ಮ ಕಚೇರಿಗೆ ಜರ್ಮನ್‌ನಲ್ಲಿ ವರದಿ ಬರೆಯುತ್ತಿದ್ದರು. 'ಅದನ್ನ ಕನ್ನಡದವರು ಓದದೆ ಇನ್ಯಾರು ಓದಬೇಕು?' ಅನ್ನುತ್ತಿದ್ದರು ಅಂಕಲ್. ಆ ವಯಸ್ಸಿನಲ್ಲಿ ಹೋಂವರ್ಕ್ ತಪ್ಪಿಸದೆ ಬರೆದು ತರುತ್ತಿದ್ದ ಅವರ ಬಗ್ಗೆ ನನಗೆ ಇವತ್ತಿಗೂ ಗೌರವ.

ನಮ್ಮ ಭವನ ನಡೆಸುವ ಗೊಯೆಥೆ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1951ರಲ್ಲಿ. 2023ರಲ್ಲಿ ಟ್ಯೂರಿನ್, ಜಿನೋವಾ, ಒಸಾಕಾ ಮುಂತಾದ ಕಡೆ ತನ್ನ ಶಾಖೆಗಳನ್ನು ಮುಚ್ಚುವುದಾಗಿ ಅದು ಹೇಳಿದಾಗ ನನಗೆ ತುಂಬಾ ಸಂಕಟವಾಯಿತು. ಆನ್‌ಲೈನ್‌ನಲ್ಲಿ ಪಾಠ ಸಿಗುತ್ತದೆ, ನಿಜ. ಆದರೆ ನರ್ಸು, ಇಂಜಿನಿಯರು, ಅಂಕಲ್ ಒಂದೇ ಬೆಂಚಿನಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುವುದು ಅಲ್ಲಿ ಹೇಗೆ ಸಾಧ್ಯ?

ಆ ದಾವಣಗೆರೆಯ ನರ್ಸ್ ಗೆಳತಿ ಎರಡನೇ ಹಂತವಾದ ಎ2 ಮುಗಿಸಿ ಊರಿಗೆ ವಾಪಸ್ ಹೋದಳು. ಜರ್ಮನಿಯಲ್ಲಿ ನರ್ಸ್ ಆಗಲು ಅದರ ಮೇಲಿನ ಹಂತಗಳಾದ ಬಿ1 ಇಲ್ಲವೇ ಬಿ2 ಬೇಕು. ಅಲ್ಲಿಯವರೆಗೆ ಪಿಜಿ ಬಾಡಿಗೆ, ಫೀಸು ಎರಡನ್ನೂ ಕಟ್ಟಲು ಅವಳ ಮನೆಯವರಿಗೆ ಆಗಲಿಲ್ಲ. ಚೆನ್ನಾಗಿ ಕಲಿಯುತ್ತಿದ್ದಳು. ಅಂಥವರ ಫೀಸಿಗಾಗಿ ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ನಿಧಿ ಮಾಡೋಣ. ನಮ್ಮ ಬ್ಯಾಚಿನವರು ಆಗಲೇ ಒಪ್ಪಿದ್ದಾರೆ. ಉಳಿದ ಬ್ಯಾಚಿನವರು ಈ ಸಂಚಿಕೆಯ ಸಂಪಾದಕರಿಗೆ ಹೆಸರು ಕೊಡಿ.