1978 ಎಂದೇ ಉಳಿದ ಕ್ಯಾಸೆಟ್ಟು

ಅಪ್ಪ ಮನೆಯಲ್ಲೇ ಮುದ್ರಿಸಿಕೊಂಡಿದ್ದ ಹದಿನಾಲ್ಕು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಮುಗಿಸಿದಾಗ ಶನಿವಾರ ರಾತ್ರಿ ಹನ್ನೊಂದು ದಾಟಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೇ ಬೇಕು, ಆ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಎಲ್ಲವನ್ನೂ ಫ್ಲ್ಯಾಕ್ (ಗುಣಮಟ್ಟ ಕುಂದದ ಧ್ವನಿ) ಕಡತಗಳನ್ನಾಗಿ ಮಾಡಿ, ಲ್ಯಾಪ್‌ಟಾಪಿನಿಂದ ಮನೆಯ ಕಂಪ್ಯೂಟರುಗಳೆಲ್ಲ ಹಂಚಿಕೊಳ್ಳುವ ನೆಟ್‌ವರ್ಕ್ ಡಿಸ್ಕಿಗೆ ಹಾಕಿ, ತಂಗಿಗೆ ಸಂದೇಶ ಕಳಿಸಿ ಮಲಗಿದೆ.

ಬೆಳಿಗ್ಗೆ ಅವಳ ಫೋನು ಬಂತು. “ಅಣ್ಣಾ, ಹೊಸದು ಒಂದೂ ಕಾಣುತ್ತಿಲ್ಲವಲ್ಲ?”

ನಮ್ಮ ಸಂಗೀತವೆಲ್ಲ ಆ ಡಿಸ್ಕಿನಲ್ಲಿದೆ. ಅದನ್ನು ಪಟ್ಟಿ ಮಾಡಿ ಎಲ್ಲರ ಮೊಬೈಲಿಗೂ ತಲುಪಿಸುವ ತಂತ್ರಾಂಶ ಇರುವುದು ಇನ್ನೊಂದು ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ. ಅದರ ಸೆಟ್ಟಿಂಗ್ಸ್ ತೆರೆದು ನೋಡಿದೆ. ‘ಫೋಲ್ಡರಿನ ಬದಲಾವಣೆಗಳನ್ನು ತಾನಾಗಿ ಗಮನಿಸು’ ಎಂಬಲ್ಲಿ ಗುರುತು ಬಿದ್ದೇ ಇತ್ತು. ಡಿಸ್ಕಿನಲ್ಲಿ ಕಡತಗಳೂ ಇದ್ದವು, ತೆರೆದರೆ ಹಾಡುತ್ತಲೂ ಇದ್ದವು. ಪಟ್ಟಿಯಲ್ಲಿ ಮಾತ್ರ ಇಲ್ಲ.

ಮೊದಲು ಅನುಮಾನಿಸಿದ್ದು ಅನುಮತಿಗಳನ್ನು, ಆಮೇಲೆ ಫೋಲ್ಡರುಗಳ ಹೆಸರನ್ನು. ಒಂದು ಗಂಟೆ ಹಾಗೇ ಹೋಯಿತು. ನಿಜವಾದ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಪರೀಕ್ಷೆಗೆಂದು ಒಂದು ಕಡತವನ್ನು ಆ ಪುಟ್ಟ ಕಂಪ್ಯೂಟರಿನಿಂದಲೇ ಡಿಸ್ಕಿಗೆ ನಕಲು ಮಾಡಿದೆ, ಎರಡು ಸೆಕೆಂಡಿನಲ್ಲಿ ಪಟ್ಟಿಗೆ ಬಂತು. ಅದೇ ಕಡತವನ್ನು ಅಳಿಸಿ ಲ್ಯಾಪ್‌ಟಾಪಿನಿಂದ ಹಾಕಿದೆ, ಬರಲಿಲ್ಲ. ಬದಲಾವಣೆ ಆದೊಡನೆ ತೋರಿಸುವ ‘ಐನೋಟಿಫೈವೇಟ್’ ಆದೇಶವನ್ನು ಆ ಫೋಲ್ಡರಿನ ಮೇಲೆ ಓಡಿಸಿ ಪರದೆಯನ್ನೇ ನೋಡುತ್ತ ಕೂತೆ. ಇಲ್ಲಿಂದ ಬರೆದರೆ ‘ಕ್ರಿಯೇಟ್’ ಎಂಬ ಸಾಲು ತಕ್ಷಣ ಮೂಡುತ್ತದೆ. ಲ್ಯಾಪ್‌ಟಾಪಿನಿಂದ ಬರೆದರೆ ಕರ್ಸರ್ ಸುಮ್ಮನೆ ಮಿಣುಕುತ್ತಿರುತ್ತದೆ.

ಆಗ ವಿಷಯ ಹೊಳೆಯಿತು. ಫೋಲ್ಡರನ್ನು ಗಮನಿಸುವುದೆಂದರೆ ತಂತ್ರಾಂಶ ಡಿಸ್ಕನ್ನು ಪದೇ ಪದೇ ನೋಡುವುದಲ್ಲ. ‘ಇಲ್ಲಿ ಏನಾದರೂ ಆದರೆ ನನಗೆ ಹೇಳು’ ಎಂದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಕೇಳಿಕೊಂಡು ಸುಮ್ಮನಿರುವುದು. ಲಿನಕ್ಸಿನಲ್ಲಿ ಈ ಕೆಲಸ ಮಾಡುವ ಐನೋಟಿಫೈ 2005ರಲ್ಲಿ, ಕರ್ನೆಲ್ಲಿನ 2.6.13ನೇ ಆವೃತ್ತಿಯಲ್ಲಿ ಬಂತು. ಕರ್ನೆಲ್ಲಿಗೆ ಗೊತ್ತಾಗುವುದು ತನ್ನ ಕೈಯಿಂದ ಹಾದುಹೋದ ಬರಹ ಮಾತ್ರ. ಲ್ಯಾಪ್‌ಟಾಪ್ ಬರೆದದ್ದು ನೇರವಾಗಿ ಡಿಸ್ಕಿನ ಯಂತ್ರಕ್ಕೆ ಹೋಗಿದೆ, ಸುದ್ದಿ ಇರುವುದು ಆ ಯಂತ್ರದ ಕರ್ನೆಲ್ಲಿನಲ್ಲಿ. ಅದನ್ನು ಮೂರನೆಯವರಿಗೆ ತಲುಪಿಸುವ ಏರ್ಪಾಟು ಡಿಸ್ಕನ್ನು ಜೋಡಿಸಲು ನಾನು ಬಳಸುತ್ತಿದ್ದ ಎನ್‌ಎಫ್‌ಎಸ್ 3 ಎಂಬ ಕಡತ ಹಂಚಿಕೆಯ ವಿಧಾನದಲ್ಲಿ ಇಲ್ಲವೇ ಇಲ್ಲ. ಐನೋಟಿಫೈನ ಕೈಪಿಡಿಯಲ್ಲೇ ಈ ಮಿತಿಯನ್ನು ಸ್ಪಷ್ಟವಾಗಿ ಬರೆದಿದ್ದಾರೆ.

ಹಾಗಿದ್ದ ಮೇಲೆ ಆ ಗುರುತಿನ ಚೌಕವನ್ನು ನೆಟ್‌ವರ್ಕ್ ಫೋಲ್ಡರಿನ ಮುಂದೆ ತೋರಿಸಿದ್ದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಫೋಲ್ಡರು ಎನ್‌ಎಫ್‌ಎಸ್ ಮೂಲಕ ಬಂದಿದೆ ಎಂದು ತಿಳಿಯಲು ತಂತ್ರಾಂಶಕ್ಕೆ ಒಂದು ಪ್ರಶ್ನೆ ಸಾಕು. ‘ಇದನ್ನು ನಾನು ಗಮನಿಸಲಾರೆ, ಸ್ಕ್ಯಾನ್ ಮಾಡಿಸಿ’ ಎಂದು ಒಂದು ಸಾಲು ಹೇಳಬಹುದಿತ್ತು. ಹೇಳದೆ ಇದ್ದುದರಿಂದ ನಾನು ಅದನ್ನು ನಂಬಿದ್ದೆ.

ಕೈಯಾರೆ ಸ್ಕ್ಯಾನ್ ಮಾಡಿಸಿದೆ. ಹದಿನಾಲ್ಕೂ ಬಂದವು, ತಂಗಿಗೆ ಖುಷಿಯಾಯಿತು. ಆದರೆ ಸ್ವಲ್ಪ ಹೊತ್ತಿಗೇ ಮತ್ತೆ ಅವಳದೇ ಫೋನು. “ಅಮ್ಮನ ದನಿ ಇರುವ ಕ್ಯಾಸೆಟ್ಟು 1978 ಅಂತ ಇದೆ. ನಾನು ಆಗ ಹುಟ್ಟಿಯೇ ಇರಲಿಲ್ಲ, ಅದರಲ್ಲಿ ನಾನು ಅಳುವುದು ಕೇಳಿಸುತ್ತದೆ!” ನಿಜ, ಅದು 1987. ಅಂಕಿಗಳು ಅದಲು ಬದಲಾಗಿದ್ದವು. ಕಡತದೊಳಗೇ ಹೆಸರು, ವರ್ಷ ಬರೆದಿರುವ ಟ್ಯಾಗ್ ತೆರೆದು ತಿದ್ದಿದೆ, ಉಳಿಸಿದೆ, ಸ್ಕ್ಯಾನ್ ಮಾಡಿಸಿದೆ. 1978. ಇನ್ನೊಮ್ಮೆ ಸ್ಕ್ಯಾನ್. 1978.

ಸ್ಕ್ಯಾನ್ ಎಂದರೆ ಪ್ರತಿ ಕಡತವನ್ನೂ ತೆರೆದು ಓದುವುದು ಎಂದುಕೊಂಡಿದ್ದೆ. ಹಾಗಲ್ಲ. ಹನ್ನೊಂದು ಸಾವಿರ ಹಾಡುಗಳನ್ನು ನೆಟ್‌ವರ್ಕಿನ ಮೇಲೆ ಪ್ರತಿ ಸಲ ಓದಲು ಹೊತ್ತು ಹಿಡಿಯುತ್ತದೆಂದು ಈ ತಂತ್ರಾಂಶ ಕಡತದ ಗಾತ್ರ ಮತ್ತು ತಿದ್ದುಪಡಿಯ ಸಮಯ ಎರಡನ್ನೇ ನೋಡುತ್ತದೆ. ಎರಡೂ ಹಳೆಯವೇ ಆಗಿದ್ದರೆ ಮುಂದೆ ಹೋಗುತ್ತದೆ. ನನ್ನ ಕಡತದ ಗಾತ್ರ ತಿದ್ದುವ ಮೊದಲು 23,81,46,712 ಬೈಟ್, ತಿದ್ದಿದ ಮೇಲೂ ಅಷ್ಟೇ. 1978ಕ್ಕೂ ನಾಲ್ಕು ಅಕ್ಷರ, 1987ಕ್ಕೂ ನಾಲ್ಕೇ. (ಉದ್ದದ ಹೆಸರು ಸೇರಿಸಿದ್ದರೂ ಗಾತ್ರ ಬದಲಾಗದೆ ಇರಬಹುದಿತ್ತು. ಫ್ಲ್ಯಾಕ್ ಕಡತದ ಆರಂಭದಲ್ಲಿ ಟ್ಯಾಗ್ ಬೆಳೆಯಲೆಂದೇ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ.) ಇನ್ನು ಸಮಯ: ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ ‘ಮೂಲ ಸಮಯವನ್ನು ಉಳಿಸು’ ಎಂಬುದನ್ನು ನಾನೇ ಆರಿಸಿಕೊಂಡಿದ್ದೆ. ಕ್ಯಾಸೆಟ್ಟನ್ನು ಇಳಿಸಿದ ದಿನಾಂಕ ಅಳಿಸಿಹೋಗಬಾರದು ಎಂಬ ಕಾಳಜಿಯಿಂದ.

ಕಡತದ ವಿವರ ತೋರಿಸುವ ‘ಸ್ಟ್ಯಾಟ್’ ಆದೇಶ ಕೊಟ್ಟಾಗ ಪರದೆಯ ಮೇಲೆ ಸಮಯಗಳು ಒಂದರ ಕೆಳಗೊಂದು ಬಂದವು. ‘ಮಾಡಿಫೈ’ ಎಂಬಲ್ಲಿ ಹಳೆಯ ದಿನ. ಅದರ ಕೆಳಗೆ ‘ಚೇಂಜ್’ ಎಂಬಲ್ಲಿ ಅಂದಿನ ಮಧ್ಯಾಹ್ನ 12 ಗಂಟೆ 40 ನಿಮಿಷ. ಮೊದಲನೆಯದನ್ನು ಕಡತದ ಒಡೆಯ ಬೇಕೆಂದರೆ ಹಿಂದಕ್ಕೆ ಸರಿಸಬಹುದು, ಎರಡನೆಯದನ್ನು ಕಡತ ವ್ಯವಸ್ಥೆ ತಾನೇ ಬರೆದುಕೊಳ್ಳುತ್ತದೆ. ತಿದ್ದುಪಡಿ ನಡೆದ ಗುರುತು ಅಲ್ಲಿಯೇ ಇತ್ತು. ಸಂಗೀತದ ತಂತ್ರಾಂಶ ಅದನ್ನು ಕೇಳಲೇ ಇಲ್ಲ.

‘ಸಮಯ ಉಳಿಸು’ ಎಂಬುದನ್ನು ತೆಗೆದುಹಾಕಿದೆ. ಇಳಿಸಿದ ದಿನಾಂಕವನ್ನು ಟ್ಯಾಗಿನಲ್ಲೇ ಒಂದು ಟಿಪ್ಪಣಿಯಾಗಿ ಬರೆದೆ, ಅದು ಇರಬೇಕಾದ ಜಾಗವೂ ಅದೇ. ಮೊದಲ ತೊಂದರೆಗೆ ಗಂಟೆಗೊಮ್ಮೆ ಸ್ಕ್ಯಾನ್ ಇಟ್ಟುಕೊಳ್ಳಬಹುದಿತ್ತು, ಅನೇಕರು ಹಾಗೆಯೇ ಮಾಡುತ್ತಾರೆ. ನನಗೆ ಅದು ಒಗ್ಗಲಿಲ್ಲ. ಸುದ್ದಿ ಇರುವುದು ಡಿಸ್ಕಿನ ಯಂತ್ರದಲ್ಲಿ ತಾನೆ? ಅದೂ ಲಿನಕ್ಸೇ. ಆ ಯಂತ್ರದಲ್ಲೇ ಫೋಲ್ಡರನ್ನು ಕಾಯುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಬದಲಾವಣೆ ಕಂಡರೆ ಅದು ಸಂಗೀತದ ಯಂತ್ರಕ್ಕೆ ‘ಸ್ಕ್ಯಾನ್ ಮಾಡು’ ಎಂದು ಹೇಳುತ್ತದೆ. ಮೊದಲ ಸಲ ಅದು ಅವಸರ ಮಾಡಿ, ನಕಲು ಅರ್ಧವಾಗಿದ್ದಾಗಲೇ ಹೇಳಿಬಿಟ್ಟಿತು. ಕ್ಯಾಸೆಟ್ಟಿನ ನಲವತ್ತೈದು ನಿಮಿಷದ ಒಂದು ಬದಿ ಹನ್ನೆರಡು ನಿಮಿಷದ ಹಾಡಾಗಿ ಪಟ್ಟಿಗೆ ಬಂತು. ಎರಡು ನಿಮಿಷ ಯಾವ ಬರಹವೂ ನಡೆಯದಿದ್ದರೆ ಮಾತ್ರ ಹೇಳು ಎಂದು ತಿದ್ದಿದೆ.

ಸಂಜೆ ಲ್ಯಾಪ್‌ಟಾಪಿನಿಂದ ಆ ಕ್ಯಾಸೆಟ್ಟಿನ ಟ್ಯಾಗನ್ನು ಇನ್ನೊಮ್ಮೆ ಉಳಿಸಿ, ಗಡಿಯಾರ ನೋಡುತ್ತ ಕೂತೆ. ಮೊಬೈಲಿನ ಪಟ್ಟಿಯಲ್ಲಿ 1978ರ ಸಾಲು ಮಾಯವಾಗಿ ಕೆಳಗೆ 1987ರಲ್ಲಿ ಕಾಣಿಸಿಕೊಂಡಿತು. ಒತ್ತಿದೆ. ಟೇಪಿನ ಸರಸರ ಸದ್ದು, ಅಪ್ಪನ ಕೆಮ್ಮು, ಆಮೇಲೆ “ಶುರು ಮಾಡು” ಎನ್ನುವ ಅಪ್ಪನ ದನಿ. ಅಮ್ಮ ಹಾಡಲು ಬಾಯಿ ತೆರೆಯುವ ಮೊದಲೇ ತಂಗಿ ಅಳತೊಡಗಿದಳು.