ಮೊದಲು ಗುಮಟೆ, ಆಮೇಲೆ ಗಿಟಾರ್

ಅಂಕೋಲೆ ಹತ್ತಿರದ ಚಿರೇಕಲ್ಲಿನ ಹಳೇ ಮನೆ, ಜೂನ್ ಮೊದಲ ವಾರ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಧಾಟಿಯಲ್ಲಿ ಕಟ್ಟಿದ ಎರಡು ಹಾಡು ಒಂದೇ ದಿನದಲ್ಲಿ ರೆಕಾರ್ಡ್ ಆಗಬೇಕಿತ್ತು. ವಾದ್ಯಗಳು ಎರಡು: ಗುಮಟೆ, ಅಂದರೆ ಒಂದು ಬಾಯಿಗೆ ಚರ್ಮ ಬಿಗಿದ ಮಣ್ಣಿನ ಮಡಕೆ, ಮತ್ತು ಗಿಟಾರ್. ಗಿಟಾರ್ ಹಿಡಿದ ಹುಡುಗನಿಗೆ 19 ವರ್ಷ. ಕಾರ್ಯಕ್ರಮಗಳಲ್ಲಿ ಸಾಕಷ್ಟು ನುಡಿಸಿದ್ದಾನೆ, ಮೈಕಿನ ಮುಂದೆ ಕೂತು ರೆಕಾರ್ಡ್ ಮಾಡುವುದು ಇದೇ ಮೊದಲು.

ಜಗುಲಿಯ ಗೋಡೆಗೆ ಕಂಬಳಿ, ನೆಲಕ್ಕೆ ಎರಡು ಪದರ ಚಾಪೆ, ಮೂಲೆಗಳಲ್ಲಿ ಅಡಿಕೆ ತುಂಬಿದ ಗೋಣಿಚೀಲ. ಮೂಲೆಯಲ್ಲಿ ಗುಂಯ್‌ಗುಡುವ ಕೆಳಸ್ವರವನ್ನು ಈ ಚೀಲಗಳು ಚೆನ್ನಾಗಿಯೇ ತಗ್ಗಿಸಿದವು. ಫ್ಯಾನ್ ಬಂದ್. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದ ಮೇಲೆ ಸ್ಪೀಕರಿನ 50 ಹರ್ಟ್ಸ್ ಗುಂಯ್‌ಕಾರವೂ ನಿಂತಿತು.

ತೊಂದರೆ ಕೊಟ್ಟದ್ದು ಗಾಳಿಯ ತೇವ. ಗಿಟಾರಿಗೆ 45ರಿಂದ 55 ಶೇಕಡಾ ತೇವ ಹಿತ. ಮಳೆಗಾಲದ ಕರಾವಳಿಯಲ್ಲಿ 85 ದಾಟುವುದು ಮಾಮೂಲು. ಮುಂದಿನ ಹಲಗೆ ತೇವ ಹೀರಿ ಉಬ್ಬುತ್ತದೆ, ತಂತಿ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಬಿಟ್ಟು ಮೇಲೇಳುತ್ತದೆ, ಒತ್ತಿದರೆ ಸ್ವರ ತುಸು ಏರುತ್ತದೆ. ಹಿಂದಿನ ದಿನವೇ ಹೊಸ ತಂತಿ ಹಾಕಿ, ಎಳೆದೆಳೆದು ಪಳಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರಿಂದ ಅಷ್ಟರಮಟ್ಟಿಗೆ ಬಚಾವ್.

ಗುಮಟೆಯ ಪಾಡು ಇದಕ್ಕೆ ಉಲ್ಟಾ: ತೇವ ಹೀರಿದ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ಹಿಂದೆ ಇದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ಸಂರಕ್ಷಿತ ಪ್ರಾಣಿ, ಹಾಗಾಗಿ ನಮ್ಮದು ಆಡಿನ ಚರ್ಮದ್ದು. ಕೆಂಡದಿಂದ ಒಂದು ಮೊಳ ದೂರ ಹಿಡಿದು, ತಿರುಗಿಸುತ್ತ ಕಾಯಿಸಬೇಕು. ಹತ್ತಿರ ಹಿಡಿದರೆ ಚರ್ಮ ಸಿಡಿಯುತ್ತದೆ. ಆ ದಿನ ಒಮ್ಮೆ ಕಾಯಿಸಿದರೆ ಹದಿನೈದು ನಿಮಿಷ ಬಿಗಿ ನಿಲ್ಲುತ್ತಿತ್ತು. ಎರಡು ಗುಮಟೆ ಇಟ್ಟುಕೊಂಡು ಒಂದು ಬಾರಿಸುವಾಗ ಇನ್ನೊಂದನ್ನು ಕಾಯಿಸಿದೆವು.

ಗುಮಟೆಗೆ ಮೈಕ್ ಎರಡು ಬೇಕು. ಬಲಗೈ ಚರ್ಮದ ಮೇಲೆ ಪೆಟ್ಟು ಹಾಕುವಾಗ ಎಡಗೈ ಹಿಂದಿನ ಕಿರಿಬಾಯನ್ನು ಮುಚ್ಚಿ ತೆರೆಯುತ್ತದೆ. ಆ ‘ಗುಂ’ ಹೊರಡುವುದು ಅಲ್ಲಿಂದಲೇ. ಎರಡೂ ಮೈಕಿನ ಧ್ವನಿ ಕೂಡಿಸಿದಾಗ ‘ಗುಂ’ ಮಾಯವಾಗಿ ಬರೀ ‘ಟಕ್’ ಉಳಿಯಿತು. ಪೆಟ್ಟು ಬಿದ್ದಾಗ ಚರ್ಮ ಒಳಕ್ಕೆ ಹೋಗುತ್ತದೆ, ಗಾಳಿ ಬಾಯಿಂದ ಹೊರಕ್ಕೆ ನುಗ್ಗುತ್ತದೆ. ಒಂದು ಮೈಕಿನ ಅಲೆ ಏರುವಾಗ ಇನ್ನೊಂದರದು ಇಳಿದು ಪರಸ್ಪರ ಅಳಿಸಿಹಾಕುತ್ತವೆ. ಬಾಯಿಯ ಟ್ರ್ಯಾಕಿನ ಪೊಲಾರಿಟಿ ತಿರುಗಿಸಿ ಅಲೆಯನ್ನು ತಲೆಕೆಳಗು ಮಾಡಿದ್ದೇ ತಡ, ‘ಗುಂ’ ತುಂಬಿಕೊಂಡು ಬಂತು.

ಬೆಳಿಗ್ಗೆ ಎಲ್ಲರಿಗೂ ಕ್ಲಿಕ್ (ಒಂದೇ ವೇಗದಲ್ಲಿ ಬಡಿಯುವ ಟಿಕ್‌ಟಿಕ್) ಕೇಳಿಸಿ ನುಡಿಸಿದ್ದು ತಪ್ಪಾಯಿತು. ಸುಗ್ಗಿಯ ಲಯ ಕೊನೆಕೊನೆಗೆ ಏರುವಂಥದ್ದು. ಕ್ಲಿಕ್ಕಿಗೆ ಕಟ್ಟಿಹಾಕಿದರೆ ಕುಣಿತವೇ ಸತ್ತುಹೋಗುತ್ತದೆ. ಕ್ಲಿಕ್ ಬಿಟ್ಟು ಗುಮಟೆ, ಹಾಡು ಮೊದಲು ರೆಕಾರ್ಡ್ ಮಾಡಿ, ಪೆಟ್ಟು ಪೆಟ್ಟಿಗೂ ಗುರುತು ಹಾಕಿ ಟೆಂಪೋ (ಲಯದ ವೇಗದ) ನಕ್ಷೆ ಮಾಡಿಕೊಂಡೆವು. ಹಾಡಿದಾಕೆಯ ಶ್ರುತಿ ಗಿಟಾರಿನ ಮಾಮೂಲು 440 ಹರ್ಟ್ಸಿನ ಲೆಕ್ಕಕ್ಕಿಂತ ಸುಮಾರು 30 ಸೆಂಟ್ (ನೂರು ಸೆಂಟ್ ಅಂದರೆ ಒಂದು ಅರ್ಧಸ್ವರ) ಕೆಳಗಿತ್ತು. ಧ್ವನಿಯನ್ನು ಯಂತ್ರದಿಂದ ಎತ್ತುವುದು ಅನ್ಯಾಯ ಅನಿಸಿತು. ಟ್ಯೂನರಿನಲ್ಲಿ 432 ಇಟ್ಟು ಗಿಟಾರನ್ನೇ ಇಳಿಸಿದೆವು.

ಮಧ್ಯಾಹ್ನ ಗಿಟಾರಿನ ಸರದಿ. ಮೈಕನ್ನು ನಾದರಂಧ್ರಕ್ಕೆ ನೇರ ಇಟ್ಟರೆ ಧ್ವನಿ ಗೊಗ್ಗರು. ಹನ್ನೆರಡನೇ ಫ್ರೆಟ್ಟಿನೆದುರು, ಒಂದು ಗೇಣು ದೂರಕ್ಕೆ ಸರಿಸಿದೆವು. ಆದರೂ ಮೂರು ಟೇಕ್ ಹಾಳು, ಹುಡುಗ ಪ್ರತಿ ಸಲ ತಾಳ ತಪ್ಪುತ್ತಿದ್ದ. ತಪ್ಪು ಅವನದಲ್ಲ. ಲ್ಯಾಪ್‌ಟಾಪ್ ಧ್ವನಿಯನ್ನು ಕೂಡಿಟ್ಟು ಕಳಿಸುವ ಬಫರ್ 1024 ಸ್ಯಾಂಪಲ್ಲಿನಲ್ಲಿ ಉಳಿದುಬಿಟ್ಟಿತ್ತು. ಸೆಕೆಂಡಿಗೆ 48,000 ಸ್ಯಾಂಪಲ್ಲಿನ ಲೆಕ್ಕದಲ್ಲಿ ಅದು ಒಳಬರುವಾಗಲೇ 21 ಮಿಲಿಸೆಕೆಂಡು, ಹೊರಹೋಗುವಾಗ ಮತ್ತಷ್ಟು. ತನ್ನದೇ ಸ್ವರ ತಡವಾಗಿ ಕಿವಿಗೆ ಬಿದ್ದರೆ ಎಂಥ ಕೈಯೂ ತಡವರಿಸುತ್ತದೆ. 128ಕ್ಕೆ ಇಳಿಸಿದ ಮೇಲೆ ಕೈ ಸಲೀಸಾಯಿತು.

ಇಷ್ಟಾದರೂ ಗುಮಟೆ ಮಸುಕು. ಹುಡುಗ ಆರೂ ತಂತಿ ಬಾಚಿ ನುಡಿಸುತ್ತಿದ್ದ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಗುಮಟೆಯ ‘ಗುಂ’ ಇರುವುದೂ ಆ ಆಸುಪಾಸಿನಲ್ಲೇ. ಮಿಕ್ಸಿಂಗಿನಲ್ಲಿ ಆ ಕೆಳಸ್ವರ ಕತ್ತರಿಸಿದರೆ ಗಿಟಾರ್ ಬಡಕಲಾಗುತ್ತದೆ. ದಪ್ಪ ತಂತಿಗಳನ್ನು ನುಡಿಸುವಾಗಲೇ ಬಿಟ್ಟುಬಿಡು ಎಂದೆವು. ಕಾಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು, ಐದನೇ ಫ್ರೆಟ್ಟಿಗೆ ಹೋಯಿತು. ಕಾಪೋ ತಂತಿಯನ್ನು ಜಗ್ಗುವುದರಿಂದ ಮತ್ತೆ ಶ್ರುತಿ ಮಾಡಿದ. ಕೆಳಗಿನ ನಾಲ್ಕು ತೆಳು ತಂತಿಗಳಲ್ಲಷ್ಟೇ, ಗುಮಟೆಯ ಪೆಟ್ಟುಗಳ ನಡುವಿನ ಜಾಗದಲ್ಲಿ ನುಡಿಸಿದ. ಎರಡನೇ ಟೇಕಿಗೆ ಗುಮಟೆಯವರು ಹೆಡ್‌ಫೋನಿನಲ್ಲಿ ಕೇಳುತ್ತ ತೊಡೆಯ ಮೇಲೆ ತಾಳ ಹಾಕತೊಡಗಿದರು. ಅದನ್ನೇ ಇಟ್ಟುಕೊಂಡೆವು.

ಐದೂವರೆಗೆ ಹಂಚಿನ ಮೇಲೆ ಮಳೆ ಬಿತ್ತು. ಎರಡನೇ ಹಾಡಿನ ಗಿಟಾರ್ ಬಾಕಿ ಉಳಿಯಿತು. ರೆಕಾರ್ಡ್ ಆದ ಗುಮಟೆ ಮತ್ತು ಹಾಡಿನ ನಕಲು ಎರಡು ಡಿಸ್ಕಿಗೆ ಹೋಯಿತು.